ಅಚ್ಚಾಕ್ಸಕ ಎಷ್ಟಾಯ್ತದ ಸಾ?

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಬಸ್ಸು ತೆರಕಣಾಂಬಿಯಲ್ಲಿ ನಿಂತಾಗ ಆ ಹುಡುಗ ಹತ್ತಿದ. ಮಾರುಕಟ್ಟೆಗೆ ಟೊಮೆಟೊ ಹಾಕಿ ಬರುತ್ತಿದ್ದಾನೆಂದು ಅಂಗಿಯ ಮೇಲಿನ ಕಲೆಯೇ ಹೇಳುತ್ತಿತ್ತು. ಪಕ್ಕದಲ್ಲಿ ಕೂತವನು ಎರಡು ಮೂರು ಸಲ ನನ್ನ ಮುಖ ನೋಡಿ, ಕೊನೆಗೆ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಿಂದ ಎರಡು ಲಾಂಗ್ ನೋಟ್‌ಬುಕ್ ಹೊರಗೆ ತೆಗೆದ. “ಕಾದಂಬರಿ ಸಾ. ಬರ್ದು ಮುಗ್ಸಿವ್ನಿ. ಅಚ್ಚಾಕ್ಸಕ ಎಷ್ಟಾಯ್ತದ?”

ನಮ್ಮ ಕಡೆ ಹೊಸದಾಗಿ ಬರೆಯುವವರು ಯಾರು ಸಿಕ್ಕರೂ ಮೊದಲ ಪ್ರಶ್ನೆ ಇದೇ. ಓದಿ ನೋಡ್ತೀರಾ ಎಂದು ಕೇಳುವವರು ಕಡಿಮೆ. ಯಾರು ಕೊಂಡುಕೊಳ್ಳುತ್ತಾರೆ ಎಂದು ಕೇಳಿದವರು ಇಲ್ಲವೇ ಇಲ್ಲ. ಇಂಥ ಹುಡುಗರ ಅಪ್ಪಂದಿರು ಚೆಂಡು ಹೂ ಹಾಕುವ ಮುಂಚೆ ಕಂಪನಿ ಯಾವುದು, ಬೀಜ ಅವರೇ ಕೊಡುತ್ತಾರಾ, ಕೆ.ಜಿ.ಗೆ ಎಷ್ಟು, ಹೂ ಎತ್ತಿಕೊಂಡು ಹೋಗುವ ಗಾಡಿ ಯಾರದು ಎಂದು ನಾಲ್ಕು ಮನೆ ಸುತ್ತಿ ವಿಚಾರಿಸುತ್ತಾರೆ. ಬೇಸಾಯದಲ್ಲಿರುವ ಈ ಹುಷಾರು ಕಾದಂಬರಿಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೋ ಕಾಣೆ.

ನಾನು ಬುದ್ಧಿವಂತನಂತೆ ಹೇಳುತ್ತಿದ್ದೇನೆ, ಆದರೆ ನನ್ನ ಮೊದಲ ಕಾದಂಬರಿಯ ಹೊತ್ತಿಗೆ ನಾನೂ ಇದನ್ನೇ ಕೇಳಿದ್ದೆ. ಮುದ್ರಕರು ದರ ಹೇಳಿದರು. ಐನೂರಕ್ಕಿಂತ ಸಾವಿರ ಹಾಕಿಸಿದರೆ ತಲಾ ಪ್ರತಿ ಅಗ್ಗ ಬೀಳುತ್ತದೆ ಅಂದರು. ಅದು ನಿಜವೂ ಹೌದು. ಸಾವಿರ ಹಾಕಿಸಿದೆ. ಮುಖಪುಟಕ್ಕೆ ಮಂಜು ಮುಸುಕಿದ ಗೋಪಾಲಸ್ವಾಮಿ ಬೆಟ್ಟ. ಬಿಡುಗಡೆಯ ದಿನ ಶಾಲು, ಹಾರ, ಫ್ಲೆಕ್ಸು, ಉಪ್ಪಿಟ್ಟು, ಕೇಸರಿಬಾತು. ಕರಡು ತಿದ್ದುವವರಿಗೆ ದುಡ್ಡು ದಂಡ ಎಂದು ಉಳಿಸಿದ್ದೆ. ತಿಂಗಳಾದ ಮೇಲೆ ಕೊಳ್ಳೇಗಾಲದ ಕಡೆಯಿಂದ ಒಂದು ಕಾರ್ಡು ಬಂತು: ಮೂರನೇ ಅಧ್ಯಾಯದಲ್ಲಿ ಸತ್ತ ಎಮ್ಮೆ ಒಂಬತ್ತನೆಯದರಲ್ಲಿ ಎರಡು ಸೇರು ಹಾಲು ಕೊಡುತ್ತಿದೆ, ಇದು ಮಾದಪ್ಪನ ಪವಾಡವೇ? ಉಳಿದ ಪುಸ್ತಕಗಳು ವರ್ಷಗಟ್ಟಲೆ ಅಜ್ಜಿಯ ಮಂಚದ ಕೆಳಗಿದ್ದವು. ಗೆದ್ದಲು ಒಂದು ಕಟ್ಟನ್ನು ಪೂರ್ತಿ ಓದಿ ಮುಗಿಸಿತು.

ಆ ಹುಡುಗನಿಗೆ ಬಸ್ಸಿನಲ್ಲಿ ಹೇಳಿದ್ದು ಅರ್ಧ. ಇಳಿಯುವ ಗಡಿಬಿಡಿಯಲ್ಲಿ ಹೇಳದೆ ಉಳಿದುಹೋದ ಅರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

*ಸಾಲು ಹಿಡಿಯುವುದು*

ಕಾದಂಬರಿ ಕಟ್ಟುವುದು ಹೇಗೆಂದು ಕಲಿಸುವ ಪುಸ್ತಕಗಳು ಬೇಕಾದಷ್ಟಿವೆ. ನಾನು ಮಾತ್ರ ಹೊಸಬರಿಗೆ ಮೊದಲು ಹೇಳುವುದು, ಒಂದು ರಾತ್ರಿ ನೀಲಗಾರರ ಎದುರು ಕೂತು ಬನ್ನಿ ಎಂದು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಗೆ ಹೋದರೂ ಆಯಿತು, ನಿಮ್ಮೂರಲ್ಲೇ ಯಾರಾದರೂ ಹರಕೆಗೆ ಕಥೆ ಮಾಡಿಸುವಾಗ ಹೋದರೂ ಆಯಿತು. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರೂ, ಮಾದೇಶ್ವರನ ಕಥೆಯನ್ನು ಕಂಸಾಳೆಯ ದೇವರಗುಡ್ಡರೂ ಹಾಡುತ್ತಾರೆ. ಮಾದೇಶ್ವರನ ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಅದಕ್ಕೇ ಅದನ್ನು ಸಾಲು ಸಾಲಾಗಿ ಕಟ್ಟಿದ್ದಾರೆ: ಸಂಕಮ್ಮನ ಸಾಲು, ಶ್ರವಣದೊರೆಯ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು. ಒಂದೊಂದು ಸಾಲೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಆದರೆ ಒಂದನ್ನು ಕೇಳಿದವರು ಇನ್ನೊಂದಕ್ಕೆ ಬಾರದೆ ಇರುವುದಿಲ್ಲ.

ಸಂಕಮ್ಮನ ಸಾಲನ್ನೇ ನೋಡಿ. ನೀಲೇಗೌಡ ಜೇನು ಕೀಳಲು ಕಾಡಿಗೆ ಹೊರಟಿದ್ದಾನೆ. ಹೊರಡುವ ಮುಂಚೆ ಹೆಂಡತಿಯ ಮೇಲೆ ಅನುಮಾನ. ನಡತೆಗೆ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡಲು ಒಪ್ಪುವುದಿಲ್ಲ. ಅಲ್ಲಿಗೆ ಕಥೆ ಹತ್ತಿಕೊಂಡಿತು. ಹಾಡುಗಾರ ಸಂಕಮ್ಮನ ಬಾಲ್ಯ, ಮದುವೆ, ಊರಿನ ವರ್ಣನೆ ಎಂದು ನಲವತ್ತು ಪುಟ ತೆಗೆದುಕೊಳ್ಳುವುದಿಲ್ಲ. ಗಂಡ ಹೊಸಿಲು ದಾಟುವ ಗಳಿಗೆಯಲ್ಲಿ ನಮ್ಮನ್ನು ತಂದು ನಿಲ್ಲಿಸುತ್ತಾನೆ. ನಮ್ಮ ಹೊಸ ಕಾದಂಬರಿಕಾರರಲ್ಲಿ ಹತ್ತಕ್ಕೆ ಎಂಟು ಮಂದಿ ಸೂರ್ಯೋದಯದಿಂದ ಶುರುಮಾಡುತ್ತಾರೆ. ಮಸುಕು ಮಂಜು, ಹಕ್ಕಿಯ ಚಿಲಿಪಿಲಿ, ರಂಗೋಲಿ, ಕಾಫಿ, ಆಮೇಲೆ ನಾಯಕ ಏಳುತ್ತಾನೆ. ಹಸ್ತಪ್ರತಿ ಮುಗಿದ ಮೇಲೆ ಮೊದಲ ಅಧ್ಯಾಯವನ್ನು ಕೈಯಿಂದ ಮುಚ್ಚಿ ಎರಡನೆಯದರಿಂದ ಓದಿ ನೋಡಿ. ಕಥೆಗೆ ಏನೂ ಕೊರತೆ ಕಾಣದಿದ್ದರೆ ಮೊದಲನೆಯದು ಬೇಡವಾಗಿತ್ತು ಅಂತಲೇ ಲೆಕ್ಕ.

ಸಮಯದ ಮಾತು. ಕಾಡಂಚಿನ ಹೊಲದ ಅಟ್ಟಣೆಯ ಮೇಲೆ ಆನೆ ಕಾಯುತ್ತಾ ಮೊಬೈಲಿನಲ್ಲಿ ಕಥೆ ಟೈಪ್ ಮಾಡಿದವರನ್ನು ನಾನು ಬಲ್ಲೆ. ಬಸ್ಸಿನಲ್ಲಿ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಬರೆದವರೂ ಇದ್ದಾರೆ. ದಿನಕ್ಕೆ ಮುನ್ನೂರು ಪದ ಎಂದಿಟ್ಟುಕೊಳ್ಳಿ. ನೂರೈವತ್ತು ದಿನಕ್ಕೆ ನಲವತ್ತೈದು ಸಾವಿರ. ಕನ್ನಡದ ಪದ ಉದ್ದ. ಡೆಮಿ 1/8 ಅಳತೆಯಲ್ಲಿ ಅದು ಸುಮಾರು ಇನ್ನೂರು ಪುಟ ಆಗುತ್ತದೆ, ಒಂದು ಕಾದಂಬರಿಗೆ ಧಾರಾಳ ಸಾಕು. ಫೋನಿಗೆ ಮಾತಾಡಿ ಬರೆಸುವವರು ಒಂದು ಹುಷಾರು ಇಟ್ಟುಕೊಳ್ಳಬೇಕು: ನೀವು ನಮ್ಮೂರ ಮಾತು ಆಡಿದರೂ ಅದು ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿ ಇಟ್ಟುಬಿಡುತ್ತದೆ. ನಿಮ್ಮ ಅತ್ತೆ ಪಾತ್ರ ಆಕಾಶವಾಣಿಯ ವಾರ್ತೆ ಓದಿದಂತೆ ಬೈಯತೊಡಗುತ್ತಾಳೆ.

*ಮನೆಯೋ, ಮನವೋ*

ನಮ್ಮ ಸೀಮೆಯವರಿಗೆ ಭಾಷೆಯದೇ ದೊಡ್ಡ ಪೇಚು. ಮನೆ ಇಲ್ಲಿ ‘ಮನ’ ಆಗುತ್ತದೆ, ಊರಿಗೆ ‘ಊರ್ಗ’, ಚೆನ್ನಾಗಿದೆ ‘ಚೆನ್ನಾಗದ’, ಬಿಡು ‘ಬುಡು’, ಹಟ್ಟಿ ‘ಅಟ್ಟಿ’. ಇದನ್ನು ಹಾಗೇ ಬರೆದರೆ ಧಾರವಾಡದವರಿಗೆ ಅರ್ಥವಾಗುತ್ತದಾ, ಬೆಂಗಳೂರಿನವರು ನಗುತ್ತಾರಾ ಎಂದು ಹುಡುಗರು ಅಂಜುತ್ತಾರೆ. ಈ ಅಂಜಿಕೆಗೆ ಉತ್ತರ ನಲವತ್ತು ವರ್ಷದ ಹಿಂದೆಯೇ ಪಕ್ಕದ ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದಿದೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಹೊರಬಂದದ್ದು 1984ರಲ್ಲಿ. ನಿರೂಪಣೆಯೂ ಮಾತೂ ಎರಡೂ ಈ ಮಣ್ಣಿನ ನುಡಿಯಲ್ಲೇ ನಡೆಯುತ್ತವೆ. ದೀಪದ ಜೋತಮ್ಮಂದಿರು ಕೂತು ಊರ ಸುದ್ದಿ ಮಾತಾಡುತ್ತಾರೆ. ಕಷ್ಟ ಎಂದವರು ಆಗಲೂ ಇದ್ದರು, ಈಗಲೂ ಇದ್ದಾರೆ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, ಆಮೇಲೆ ಇಂಗ್ಲಿಷಿಗೂ ಹೋಯಿತು. ಕೈಯಲ್ಲಿ ಹಿಡಿದರೆ ಹಗುರವಾದ ಪುಸ್ತಕ. ಐನೂರು ಪುಟ ಇಲ್ಲದಿದ್ದರೆ ಕಾದಂಬರಿ ಅಲ್ಲ ಎಂದು ತಿಳಿದವರು ಅದನ್ನೊಮ್ಮೆ ತೂಗಿ ನೋಡಬೇಕು.

ಹಾಗೆಂದು ‘ಕುಸುಮಬಾಲೆ’ಯ ಧಾಟಿಯಲ್ಲೇ ಬರೆಯಲು ಹೊರಟರೆ ಸೋಲು ಖಂಡಿತ, ಆ ದಾರಿಯಲ್ಲಿ ಎಡವಿದ ಹಸ್ತಪ್ರತಿಗಳನ್ನು ನೋಡಿದ್ದೇನೆ. ಅಲ್ಲಿಂದ ಕಲಿಯಬೇಕಾದ್ದು ಧೈರ್ಯ ಮಾತ್ರ. ಮಲೆ ಮಾದೇಶ್ವರ ಬೆಟ್ಟದ ಸೀಮೆಯ ಸ್ವಾಮಿ ಪೊನ್ನಾಚಿ ತಮ್ಮದೇ ದಾರಿ ಹಿಡಿದರು. ಅವರ ‘ಧೂಪದ ಮಕ್ಕಳು’ ಕಥಾಸಂಕಲನಕ್ಕೆ 2020ರ ಕೇಂದ್ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಸಂದಿತು. ಚಾಮರಾಜನಗರ ತಾಲ್ಲೂಕಿನ ಮೂಡ್ನಾಕೂಡಿನಿಂದ ಬಂದ ಚಿನ್ನಸ್ವಾಮಿ ಅವರಿಗೆ 2022ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ರೈಲು ಹಳಿ ಮುಗಿಯುವ ಊರಿನಲ್ಲಿ ಸಾಹಿತ್ಯವೂ ಮುಗಿಯುತ್ತದೆ ಎನ್ನುವ ನಂಬಿಕೆ, ಮುಖ್ಯಮಂತ್ರಿಗಳು ಇಲ್ಲಿಗೆ ಬಂದರೆ ಕುರ್ಚಿ ಹೋಗುತ್ತದೆ ಎಂಬ ನಂಬಿಕೆಯಷ್ಟೇ ಗಟ್ಟಿ.

ಕೆಲಸಕ್ಕೆ ಬರುವ ಮಾತೊಂದಿದೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಆಡುಮಾತಿನ ಪದಗಳ ಪಟ್ಟಿ ಮಾಡಿಕೊಳ್ಳಿ. ‘ಹೋಯ್ತೀನಿ’ಯೋ ‘ವೋಯ್ತಿನಿ’ಯೋ, ಯಾವುದಾದರೂ ಸರಿ, ಪುಸ್ತಕದ ಉದ್ದಕ್ಕೂ ಒಂದೇ ಇರಲಿ. ಗುಂಡ್ಲುಪೇಟೆಯ ಗೌಡರ ಮನೆಯ ಮಾತಿಗೂ ಹನೂರಿನ ಕಾಡಂಚಿನ ಮಾತಿಗೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಗೂ ಇರುವ ಅಂತರ ಗೊತ್ತಿಲ್ಲದೆ ಎಲ್ಲರ ಬಾಯಲ್ಲೂ ಒಂದೇ ‘ಏನ್ಲಾ’ ತುರುಕಿದರೆ, ಓದುವ ಮೊದಲ ಸೋಲಿಗರ ಹುಡುಗಿಯೇ ಪುಸ್ತಕ ಮುಚ್ಚಿಡುತ್ತಾಳೆ. ಗೊತ್ತಿಲ್ಲದ ನುಡಿಯನ್ನು ಕೇಳಿ ತಿಳಿಯಬೇಕು, ಇಲ್ಲವೇ ಆ ಪಾತ್ರದ ಮಾತನ್ನು ಸರಳ ಕನ್ನಡದಲ್ಲಿ ಹೇಳಿ ಮುಂದೆ ಹೋಗಬೇಕು.

ಬರೆದು ಮುಗಿದ ಮೇಲೆ ಒಂದು ತಿಂಗಳು ಅದನ್ನು ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ಮನೆಯವರ ಎದುರಿಗೆ. ನಾಲಿಗೆ ತೊಡರುವ ವಾಕ್ಯ ಕಣ್ಣಿಗೂ ತೊಡರುತ್ತದೆ. ಕೇಳುವವರು ನೀರು ಕುಡಿಯಲು ಎದ್ದು ಹೋದ ಜಾಗಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿ. ನೀಲಗಾರರಿಗೆ ಈ ಗೀಟು ಹಾಡುವಾಗಲೇ ಕಾಣುತ್ತದೆ. ನಂತರ ಮೂವರಿಗೆ ಕೊಡಿ. ಒಬ್ಬರು ಕಾದಂಬರಿಗಳನ್ನು ನುಂಗಿದವರಾಗಿರಲಿ. ಇನ್ನೊಬ್ಬರು ನೀವು ಬರೆದ ಬದುಕನ್ನು ಬದುಕಿದವರು: ಕ್ವಾರಿಯ ಕಥೆಯಾದರೆ ಕಲ್ಲು ಒಡೆದವರು, ರೇಷ್ಮೆಯ ಕಥೆಯಾದರೆ ಹುಳು ಸಾಕಿದವರು. ಮೂರನೆಯವರು ನಿಮ್ಮ ನೆಂಟರಾಗಿರಬಾರದು, ಅಷ್ಟೇ. ನನ್ನ ಎಮ್ಮೆ ಈ ಮೂವರಲ್ಲಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು.

ಸಣ್ಣ ಊರಿನ ಕಾದಂಬರಿಗೆ ಇನ್ನೊಂದು ಗಂಡಾಂತರ ಇದೆ. ಎಲ್ಲರೂ ತಮ್ಮನ್ನು ಅದರಲ್ಲಿ ಹುಡುಕುತ್ತಾರೆ. ನಮಗೆ ದೂರವಲ್ಲದ ತಿರುಚೆಂಗೋಡಿನ ಕಥೆ ಗೊತ್ತಿದ್ದದ್ದೇ. ಪೆರುಮಾಳ್ ಮುರುಗನ್ 2010ರಲ್ಲಿ ಬರೆದ ‘ಮಾದೊರುಬಾಗನ್’ ವಿರುದ್ಧ ಗಲಾಟೆ ಎದ್ದದ್ದು 2014ರ ಕೊನೆಗೆ. 2015ರ ಜನವರಿಯಲ್ಲಿ ಅವರು ಲೇಖಕ ಸತ್ತ ಎಂದು ಘೋಷಿಸಿ ಪೆನ್ನು ಕೆಳಗಿಟ್ಟರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಬರೆಯುವ ಹಕ್ಕು ಉಳಿಯಿತು, ನಿಜ. ಆದರೆ ನಡುವಿನ ಒಂದೂವರೆ ವರ್ಷದ ಬವಣೆಯನ್ನು ಯಾರೂ ಹಿಂದಿರುಗಿಸಲಿಲ್ಲ. ನಾನು ಅಂಜಿ ಬರೆಯಿರಿ ಎನ್ನುತ್ತಿಲ್ಲ. ಬದುಕಿರುವ ವ್ಯಕ್ತಿಯ ಹೆಸರು, ಮನೆ, ಅಂಗಡಿ ಹಾಗೇ ಇಟ್ಟು ಹಳೇ ಹಗೆ ತೀರಿಸಿಕೊಳ್ಳಲು ಕಾದಂಬರಿಯನ್ನು ಬಳಸಿದರೆ ಅದು ಸಾಹಿತ್ಯಕ್ಕಿಂತ ಮೊದಲು ವಕೀಲರ ಕೈಗೆ ಹೋಗುತ್ತದೆ ಎನ್ನುತ್ತಿದ್ದೇನೆ. ಊರಿಗೊಂದು ಕಟ್ಟುಹೆಸರು ಕೊಟ್ಟರೆ ನಷ್ಟವೇನೂ ಇಲ್ಲ.

*ತಾನೇ ಹೊತ್ತು ಮಾರಿದವರು*

ಪ್ರಕಾಶಕರು ಸಿಗದವನು ಮಾತ್ರ ಸ್ವಂತ ಅಚ್ಚು ಹಾಕಿಸುತ್ತಾನೆ ಎಂಬ ಕೀಳರಿಮೆ ನಮ್ಮಲ್ಲಿದೆ. ಕನ್ನಡ ಕಾದಂಬರಿಯ ಚರಿತ್ರೆ ಗೊತ್ತಿದ್ದವರು ಹಾಗೆನ್ನಲಾರರು. ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಚಟ ಹತ್ತಿಸಿದ್ದೇ ಆ ತಿರುಗಾಟ. ಶಿವರಾಮ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಹರ್ಷ ಪ್ರಕಟಣಾಲಯ ಕಟ್ಟಿಕೊಂಡರು. ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಬಂದದ್ದು ಮೈಸೂರಿನಲ್ಲಿ ಗೆಳೆಯರೊಂದಿಗೆ ಮಾಡಿಕೊಂಡ ಪುಸ್ತಕ ಪ್ರಕಾಶನದಿಂದ; ಅಕ್ಷರ ಜೋಡಣೆ, ಕನ್ನಡದ ತಂತ್ರಾಂಶ ಎಲ್ಲಕ್ಕೂ ಅವರೇ ತಲೆ ಕೆಡಿಸಿಕೊಂಡರು. ವಸುಧೇಂದ್ರ 2004ರ ಸುಮಾರಿಗೆ ಛಂದ ಪುಸ್ತಕವನ್ನು ಶುರುಮಾಡಿ, ತಮ್ಮ ಪುಸ್ತಕಗಳ ಜೊತೆಗೆ ಎಷ್ಟೋ ಹೊಸಬರ ಮೊದಲ ಕಥಾಸಂಕಲನಗಳನ್ನು ತಂದರು. 2022ರಲ್ಲಿ ದೇವನೂರರ ಒಂದು ಕಿರುಹೊತ್ತಗೆಯನ್ನು ಹಲವು ಸಣ್ಣ ಪ್ರಕಾಶನಗಳು ಒಟ್ಟೊಟ್ಟಿಗೇ ಅಚ್ಚು ಹಾಕಿ 40 ರೂಪಾಯಿಗೆ ಹಂಚಿದ್ದನ್ನೂ ಇಲ್ಲೇ ನೆನೆಯಬೇಕು. ಅದು ಕಾದಂಬರಿ ಅಲ್ಲ, ಆದರೆ ಪುಸ್ತಕ ಹರಡುವ ಬಗೆಗೆ ಅದಕ್ಕಿಂತ ಒಳ್ಳೆಯ ಪಾಠ ಇತ್ತೀಚೆಗೆ ನಾನು ಕಂಡಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ನಮ್ಮ ಯಳಂದೂರಿನ ಸಂಚಿ ಹೊನ್ನಮ್ಮ ಇದ್ದಾಳೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುತ್ತಿದ್ದವಳು ‘ಹದಿಬದೆಯ ಧರ್ಮ’ ಬರೆದಳು. ಅವಳಿಗೆ ರಾಣಿಯ ಬೆಂಬಲ ಇತ್ತು, ತಿದ್ದಲು ಸಿಂಗರಾರ್ಯನಂಥ ಗುರು ಇದ್ದ. ನಮಗೆ ರಾಣಿ ಇಲ್ಲ. ಗುರುವನ್ನಾದರೂ ದುಡ್ಡು ಕೊಟ್ಟು ಹಿಡಿಯಬಹುದು: ಒಳ್ಳೆಯ ಕರಡು ತಿದ್ದುವವರು ಮೈಸೂರಿನಲ್ಲಿ, ಚಾಮರಾಜನಗರದಲ್ಲಿ, ನಿವೃತ್ತ ಕನ್ನಡ ಮೇಷ್ಟ್ರುಗಳಲ್ಲಿ ಸಿಗುತ್ತಾರೆ. ಬಿಡುಗಡೆಯ ಫ್ಲೆಕ್ಸಿನ ದುಡ್ಡು ಅವರಿಗೆ ಕೊಡಿ.

ಈಗ ಲೆಕ್ಕ. ಮುದ್ರಕರ ದರ ದಿನಕ್ಕೊಂದು ಬಗೆ, ಆದ್ದರಿಂದ ಇದು ಬರಿಯ ಮಾದರಿ. 208 ಪುಟದ ಪುಸ್ತಕ, ಬೆಲೆ 260 ರೂಪಾಯಿ ಎನ್ನಿ. ಡಿಜಿಟಲ್ ಮುದ್ರಣದಲ್ಲಿ 200 ಪ್ರತಿಗೆ ತಲಾ 110ರಂತೆ 22,000 ಆಗುತ್ತದೆ. ಆಫ್‌ಸೆಟ್‌ನಲ್ಲಿ 1,000 ಪ್ರತಿಗೆ ತಲಾ 60ರಂತೆ 60,000. ಎರಡನೆಯದು ಅಗ್ಗ ಎಂದು ಮನಸ್ಸು ಕುಣಿಯುತ್ತದೆ. ಒಂದು ವರ್ಷದಲ್ಲಿ 150 ಪ್ರತಿ ಹೋಯಿತು ಅನ್ನೋಣ. ಹೊಸಬರಿಗೆ ಅದು ಕಡಿಮೆಯೇನಲ್ಲ. ನೂರು ಪ್ರತಿ ನೀವೇ ಕೈಯಾರೆ ಪೂರ್ತಿ ಬೆಲೆಗೆ ಮಾರಿದಿರಿ: 26,000. ಐವತ್ತು ಅಂಗಡಿಗಳ ಮೂಲಕ. ಅವರು ನೂರಕ್ಕೆ ನಲವತ್ತು ಕಮಿಷನ್ ಹಿಡಿದರೆ ನಿಮಗೆ ಪ್ರತಿಗೆ 156, ಒಟ್ಟು 7,800. ಕೈಗೆ ಬಂದದ್ದು 33,800. ಮೊದಲ ದಾರಿಯಲ್ಲಿ 11,800 ಉಳಿದು, ಐವತ್ತು ಪುಸ್ತಕ ಕೈಯಲ್ಲಿವೆ. ಎರಡನೆಯದರಲ್ಲಿ 26,200 ಕೈ ಬಿಟ್ಟಿತು, 850 ಪುಸ್ತಕ ಅಜ್ಜಿಯ ಮಂಚದ ಕೆಳಗಿವೆ. ಇದಕ್ಕೆ ಕರಡು, ಮುಖಪುಟ, ಅಂಚೆಯ ಖರ್ಚು ಇನ್ನೂ ಸೇರಿಲ್ಲ. ಮೊದಲ ಮುದ್ರಣ ಚಿಕ್ಕದಿರಲಿ. ಬೇಡಿಕೆ ಬಂದರೆ ಎರಡನೆಯದಕ್ಕೆ ಆಫ್‌ಸೆಟ್‌ಗೆ ಹೋಗಬಹುದು.

208 ಎಂದು ಯಾಕೆ ಹೇಳಿದೆನೆಂದರೆ, ಆಫ್‌ಸೆಟ್‌ನಲ್ಲಿ ಪುಟಗಳು ಹದಿನಾರರ ಫಾರಂ ಲೆಕ್ಕದಲ್ಲಿ ಹೋಗುತ್ತವೆ. ಹದಿಮೂರು ಫಾರಂಗೆ 208. ನಿಮ್ಮದು 211 ಪುಟಕ್ಕೆ ನಿಂತಿದ್ದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು ತೆರುತ್ತೀರಿ. ಮುನ್ನುಡಿಯಲ್ಲಿ ಮಾವನಿಗೆ ಹೇಳಿದ ಕೃತಜ್ಞತೆಯನ್ನು ಕತ್ತರಿಸಿ. ಒಳಪುಟಕ್ಕೆ 70 ಅಥವಾ 80 ಜಿಎಸ್‌ಎಂ ಮ್ಯಾಪ್ಲಿಥೋ ಸಾಕು; ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣದಂತಿದ್ದರಾಯಿತು. ಬೈಂಡಿಂಗ್ ಆದ ಒಂದು ಪ್ರತಿಯನ್ನು ಮೊದಲು ತರಿಸಿ, ನಡುವೆ ಚೆನ್ನಾಗಿ ಬಿಡಿಸಿ ಮಡಚಿ ನೋಡಿ, ಆಮೇಲೆ ಉಳಿದದ್ದಕ್ಕೆ ಹೂಂ ಅನ್ನಿ.

ಅಕ್ಷರ ಜೋಡಣೆಯಲ್ಲಿ ನಮ್ಮವರು ಬೀಳುವ ಹಳ್ಳ ಒಂದೇ. ತಾಲ್ಲೂಕು ಕಚೇರಿಯ ಎದುರಿನ ಡಿಟಿಪಿ ಅಂಗಡಿಯಲ್ಲಿ ಹಳೇ ‘ನುಡಿ’ ಫಾಂಟ್‌ನಲ್ಲಿ ಟೈಪ್ ಮಾಡಿಸುತ್ತಾರೆ. ಮುದ್ರಕರು ಅದನ್ನು ಇನ್ನೊಂದಕ್ಕೆ ಬದಲಾಯಿಸುತ್ತಾರೆ. ಅಷ್ಟರಲ್ಲಿ ಅರ್ಕಾವತ್ತು ಮಾಯ, ಒತ್ತಕ್ಷರ ಪಲ್ಟಿ, ‘ಸೂರ್ಯ’ ಹೋಗಿ ಇನ್ನೇನೋ ಆಗಿರುತ್ತದೆ. ಕರಡನ್ನು ಈ ಬದಲಾವಣೆಗೆ ಮುಂಚೆ ತಿದ್ದಿದರೆ ಶ್ರಮವೆಲ್ಲ ವ್ಯರ್ಥ. ಮೊದಲಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪುಟ ವಿನ್ಯಾಸ ಆದ ಮೇಲೆ ಕಾಗದದ ಮೇಲೆ ಪ್ರಿಂಟು ತೆಗೆದು ಕೊನೆಯ ಕರಡು ಓದಿ. ಕೆಲಸ ಮುಗಿದಾಗ ಪಿಡಿಎಫ್ ಮಾತ್ರವಲ್ಲ, ತಿದ್ದಬಹುದಾದ ಮೂಲ ಫೈಲನ್ನೂ ಕೇಳಿ ಪಡೆದುಕೊಳ್ಳಿ. ಐದು ವರ್ಷದ ಮೇಲೆ ಮರುಮುದ್ರಣಕ್ಕೆ ಹೊರಟಾಗ ಆ ಅಂಗಡಿ ಜೆರಾಕ್ಸ್ ಬಿಟ್ಟು ಬಿರಿಯಾನಿ ಹೋಟೆಲ್ ಆಗಿರಬಹುದು.

ಐಎಸ್‌ಬಿಎನ್ ಸಂಖ್ಯೆಗೆ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆ ಅದನ್ನು ಪುಕ್ಕಟೆ ಕೊಡುತ್ತದೆ. ಲೇಖಕರು ಸ್ವಂತ ಹೆಸರಿನಲ್ಲೇ ಆನ್‌ಲೈನ್ ಅರ್ಜಿ ಹಾಕಬಹುದು. ಸಮಯ ಹಿಡಿಯುತ್ತದೆ, ಆದ್ದರಿಂದ ಅಚ್ಚಿಗೆ ಹೋಗುವ ತಿಂಗಳುಗಳ ಮೊದಲೇ ಹಾಕಿ. ಕೃತಿಸ್ವಾಮ್ಯ ಬರೆದ ಗಳಿಗೆಯಿಂದಲೇ ನಿಮ್ಮದು. 1957ರ ಕಾಯ್ದೆಯ ಪ್ರಕಾರ ಅದು ಲೇಖಕನ ಜೀವಿತಾವಧಿ, ಆಮೇಲೆ ಅರವತ್ತು ವರ್ಷ ಇರುತ್ತದೆ, ನೋಂದಣಿ ಕಡ್ಡಾಯವಲ್ಲ. ಪುಸ್ತಕ ಹೊರಬಂದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಬಹಳ ಮಂದಿ ಕಳಿಸುವುದಿಲ್ಲ. ನೂರು ವರ್ಷದ ಮೇಲೆ ಯಾರೋ ಗುಂಡ್ಲುಪೇಟೆಯ ಬಗ್ಗೆ ಹುಡುಕುವಾಗ ಸಿಗಲಿ ಎಂದಾದರೂ ಕಳಿಸಿ.

“ನೀವು ಇಷ್ಟು ಕಟ್ಟಿ, ಮಿಕ್ಕದ್ದು ನಮಗೆ ಬಿಡಿ” ಎನ್ನುವ ಪ್ಯಾಕೇಜ್ ಪ್ರಕಾಶಕರ ಜಾಹೀರಾತು ಫೋನಿನಲ್ಲಿ ಬರುತ್ತಲೇ ಇರುತ್ತದೆ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಸಹಿ ಹಾಕುವ ಮುಂಚೆ ಎಷ್ಟು ಪ್ರತಿ, ಯಾರ ಬಳಿ, ಹಕ್ಕು ಯಾರದು, ಎಷ್ಟು ವರ್ಷಕ್ಕೆ ಎಂದು ಬರಹದಲ್ಲಿ ಕೇಳಿ. ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ಹಕ್ಕು ವರ್ಗಾವಣೆ ಐದು ವರ್ಷಕ್ಕೆ ಎಂದು ಕಾನೂನು ಭಾವಿಸುತ್ತದೆ. ಆದರೆ ಚಿಕ್ಕ ಅಕ್ಷರದಲ್ಲಿ ‘ಶಾಶ್ವತವಾಗಿ’ ಎಂದು ಬರೆದಿದ್ದರೆ ಆ ಆಸರೆಯೂ ಇಲ್ಲ. ಸಿನಿಮಾ, ಧಾರಾವಾಹಿ, ಆಡಿಯೊ ಹಕ್ಕುಗಳನ್ನು ಬೇರೆಯಾಗಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಗಾಜನೂರಿನ ಮುತ್ತುರಾಜ್, ಅಂದರೆ ನಟ ರಾಜ್‌ಕುಮಾರ್, ಹುಟ್ಟಿದ ಸೀಮೆಯಲ್ಲಿ ಸಿನಿಮಾ ಹಕ್ಕನ್ನು ಹಗುರವಾಗಿ ಕಾಣಬಾರದು.

*ಕೊಳ್ಳುವವರು*

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದಾಗ ನಂಬಿದ್ದು ಚಂದಾದಾರರನ್ನು. ಓದುಗರು ಮೊದಲೇ ದುಡ್ಡು ಕಟ್ಟುತ್ತಿದ್ದರು, ಪುಸ್ತಕ ಮನೆಗೆ ಬರುತ್ತಿತ್ತು. ಇವತ್ತು ಒಂದು ವಾಟ್ಸ್‌ಆ್ಯಪ್ ಸಂದೇಶ, ಒಂದು ಯುಪಿಐ ಸಂಖ್ಯೆ ಇದ್ದರೆ ಅದೇ ಕೆಲಸ ಆಗುತ್ತದೆ. ಅಚ್ಚಿಗೆ ಕೊಡುವ ಮುಂಚೆ ಮೊದಲ ಅಧ್ಯಾಯವನ್ನು ಹಂಚಿ, ಮುಂಗಡ ಕೇಳಿ. ಅರವತ್ತು ಜನ ಕಟ್ಟಿದರೆ ಎಷ್ಟು ಪ್ರತಿ ಹಾಕಿಸಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಆರು ಜನ ಕಟ್ಟಿದರೂ ಗೊತ್ತಾಗುತ್ತದೆ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಸಾವಿರ ಪ್ರತಿ ಹಾಕಿಸುವವರು ಇನ್ನೂ ಇದ್ದಾರೆ. ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಕೊಳ್ಳುತ್ತಾರೆ, ಅದು ಸಣ್ಣ ಮಾತಲ್ಲ. ಆದರೆ ಆಯ್ಕೆಗೆ, ಆಮೇಲೆ ಹಣಕ್ಕೆ ಕಾಯುವ ಕಾಲ ಎಷ್ಟೆಂದು ಯಾರನ್ನು ಕೇಳಿದರೂ ನಕ್ಕು ಸುಮ್ಮನಾಗುತ್ತಾರೆ. ಅರ್ಜಿ ಹಾಕಿ, ಬಂದರೆ ಬೋನಸ್ಸು ಎಂದುಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಹಸ್ತಪ್ರತಿಯ ಹಂತದಲ್ಲೇ ಅರ್ಜಿ ಹಾಕಬೇಕು. ವಯಸ್ಸು, ಪುಟಗಳ ನಿಬಂಧನೆ ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ಅಚ್ಚು ಹಾಕಿಸಿ ಬಂದು ಆಮೇಲೆ ಕೇಳಿ ಪೆಚ್ಚಾದವರನ್ನು ನೋಡಿದ್ದೇನೆ.

ಅಂಚೆಯಲ್ಲಿ ಕಳಿಸುವವರಿಗೆ 2024ರ ಡಿಸೆಂಬರ್‌ನಲ್ಲಿ ಪೆಟ್ಟು ಬಿತ್ತು. ಅಗ್ಗದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸದ್ದಿಲ್ಲದೆ ನಿಂತುಹೋಯಿತು. 2025ರ ಮೇ ತಿಂಗಳಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, ಐದು ಕೆ.ಜಿ.ಗೆ 100, ಮೇಲೆ ತೆರಿಗೆ. ನಿಮ್ಮ ಪುಸ್ತಕದ ತೂಕ 310 ಗ್ರಾಂ ಬಂದರೆ ಮುಂದಿನ ದರಕ್ಕೆ ಹೋಗುತ್ತದೆ; ಕಾಗದ ಆರಿಸುವಾಗಲೇ ಇದನ್ನು ನೆನಪಿಡಿ. ನಿಮ್ಮ ಪುಸ್ತಕ ಆ ಸೇವೆಗೆ ಸಲ್ಲುತ್ತದೆಯೇ ಎಂದು ಅಂಚೆ ಕಚೇರಿಯ ಕೌಂಟರಿನಲ್ಲಿ ಮೊದಲೇ ಕೇಳಿಬಿಡಿ.

ಇ-ಪುಸ್ತಕದ ಕಥೆ ಕನ್ನಡದವರಿಗೆ ಸ್ವಲ್ಪ ಕಹಿ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್ ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ತಮಿಳು, ಮಲಯಾಳಂ ಎರಡೂ ಇದ್ದವು, ಕನ್ನಡ ಇರಲಿಲ್ಲ. ಬಂಡೀಪುರದ ಆಚೆ ಗೂಡಲೂರಿನವನಿಗೆ, ಸುಲ್ತಾನ್ ಬತ್ತೇರಿಯವನಿಗೆ ಸಿಕ್ಕಿದ್ದು ಗುಂಡ್ಲುಪೇಟೆಯವನಿಗೆ ಸಿಗಲಿಲ್ಲ. ಆ ಕೊರತೆಯನ್ನು ಒಂದಷ್ಟು ತುಂಬಿದ್ದು ಮೈಲ್ಯಾಂಗ್‌ನಂಥ ಕನ್ನಡದ್ದೇ ಸಂಸ್ಥೆಗಳು. ಅಲ್ಲಿ ಇ-ಪುಸ್ತಕ, ಕೇಳುಪುಸ್ತಕ ಎರಡೂ ಇವೆ. ಪ್ರತಿಲಿಪಿಯಲ್ಲಿ ಕಂತು ಕಂತಾಗಿ ಹಾಕಿ ಓದುಗರನ್ನು ಗಳಿಸಿದವರೂ ಇದ್ದಾರೆ, ಆದರೆ ಅಲ್ಲಿಯ ರುಚಿಗೆ ತಕ್ಕಂತೆ ಪ್ರತಿ ಕಂತಿಗೂ ಒಂದು ಆಘಾತ ಇಡುವ ಚಟ ಹತ್ತಿದರೆ ಬಿಡಿಸಿಕೊಳ್ಳುವುದು ಕಷ್ಟ. ನಮ್ಮ ಸೀಮೆಗೆ ಕೇಳುಪುಸ್ತಕವೇ ಹೆಚ್ಚು ಒಗ್ಗುತ್ತದೆ ಎಂದು ನನ್ನ ಗುಮಾನಿ. ಕಂಸಾಳೆ ಕೇಳಿ ಬೆಳೆದ ಕಿವಿಗಳು.

ಉಳಿದಂತೆ ಮಾರಾಟ ಎಂದರೆ ಕಾಲ್ನಡಿಗೆ. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಮಳಿಗೆ, ದಸರಾ ಸಮಯದ ಮೈಸೂರಿನ ಪುಸ್ತಕ ಮೇಳ, ಕಾಲೇಜಿನ ಕನ್ನಡ ವಿಭಾಗ, ಮದುವೆ ಮನೆಗೆ ಉಡುಗೊರೆ. ಅಂಗಡಿಗೆ ಕೊಟ್ಟ ಪ್ರತಿಗಳಿಗೆ ಚಲನ್ ಬರೆಸಿಕೊಳ್ಳಿ. ಪುಕ್ಕಟೆ ಪ್ರತಿ ಕೇಳುವ ಗೆಳೆಯರಿಗೆ ನಗುತ್ತಲೇ ಯುಪಿಐ ಸಂಖ್ಯೆ ಕಳಿಸಿ.

ಇದರಲ್ಲಿ ಅರ್ಧ ಹೇಳುವಷ್ಟರಲ್ಲಿ ಬಸ್ಸು ಚಾಮರಾಜನಗರ ಸೇರಿತ್ತು. ಹುಡುಗ ನನ್ನ ನಂಬರು ತೆಗೆದುಕೊಂಡು ಇಳಿದ. ಮೂರು ತಿಂಗಳು ಸುದ್ದಿ ಇರಲಿಲ್ಲ. ಮೊನ್ನೆ ರಾತ್ರಿ ಫೋನು ಮಾಡಿದ. ದಿನಾ ಸಂಜೆ ಅವ್ವನಿಗೆ ಓದಿ ಹೇಳುತ್ತಿದ್ದಾನಂತೆ.

“ಏಳ್ನೇ ಅಧ್ಯಾಯದಲ್ಲಿ ಅವ್ವ ನಿಲ್ಲುಸ್ಬುಟ್ಳು ಸಾ. ಆಷಾಢದಲ್ಲಿ ಹುರುಳಿ ಕೀಳೋ ಹೆಂಗ್ಸ ನಾ ಎಲ್ಲೂ ನೋಡಿಲ್ಲ ಅಂದ್ಳು.”

“ಸರಿಯಾಗೇ ಹೇಳಿದ್ದಾರೆ.”

“ಅದ ತಂದು ಪುಷ್ಯಕ್ಕ ಹಾಕ್ದಿ. ಈಗ ಚಿಕ್ಕಲ್ಲೂರು ಜಾತ್ರ ಅದೇ ಅಧ್ಯಾಯದೊಳಕ ಬಂದ್ಬುಡ್ತದ ಸಾ. ಅವ್ಳು ಹುರುಳಿ ಕೀಳ್ಬೇಕಾ, ಜಾತ್ರಗ ಹೋಗ್ಬೇಕಾ?”

ಹಿಂದಿನಿಂದ ಅವನ ಅವ್ವ ಏನೋ ಹೇಳುತ್ತಿದ್ದರು, ಸರಿಯಾಗಿ ಕೇಳಿಸಲಿಲ್ಲ. ಅದನ್ನೇ ಬರೆದುಕೋ ಅಂದೆ.